ವಿಮೆ ಮೇಜಿನಲ್ಲಿ ನಾನು ಕೊಟ್ಟ ಒಂದು ಉತ್ತರ

ಕಳೆದ ತಿಂಗಳು ಒಂದು ಮಧ್ಯಾಹ್ನ ಜೋಗುಪಾಳ್ಯದ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಕಂಟೋನ್ಮೆಂಟಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ವಿಮೆಯ ಸಹಾಯ ಮೇಜು ಇದೆ. ಹನ್ನೊಂದು ವರ್ಷ ನಾನು ಕೂತಿದ್ದ ಆ ಕುರ್ಚಿಯಲ್ಲಿ ಈಗ ಅವಳು ಕೂರುತ್ತಾಳೆ. "ಆಂಟಿ, ಏನಾದ್ರೂ ಟಿಪ್ಸ್ ಕೊಡಿ. ಟ್ರೈನಿಂಗಲ್ಲಿ ಬರೀ ಪೋರ್ಟಲ್ ತೋರಿಸಿ ಕಳಿಸ್ಬಿಟ್ರು," ಅಂದಳು. ಈ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದೂ ಕೇಳಿದಳು. ಕಾಫಿ ಕೊಟ್ಟೆ, ಕೋಡುಬಳೆ ಕೊಟ್ಟೆ. ಟಿಪ್ಸ್ ಮಾತ್ರ ಒಂದೂ ಹೊಳೆಯಲಿಲ್ಲ. ಅವಳು ಗೇಟು ದಾಟಿದ ಮೇಲೆ ಹೊಳೆದದ್ದು ಟಿಪ್ಸ್ ಅಲ್ಲ, ಒಂದು ವಾರದ ಕಥೆ. ಅದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಬರೆದರೆ ನಿಧಾನವಾಗಿ ಹೇಳಬಹುದು.

ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆ ಎಂದು ಹೇಳಬೇಕು. ನಾನು ಮನೆ ನೋಡಿಕೊಂಡಿದ್ದವಳು. ರಿಚರ್ಡ್ಸ್ ಟೌನ್ ಕಡೆಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ್ದು ಎರಡೇ: ದುಂಡು ಅಕ್ಷರ, ಮೆತ್ತಗಿನ ಮಾತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪಕ್ಕದ ಬೆಂಚಿನ ಗೆಳತಿಯರಿಂದ ದಖ್ಖನಿ, ತರಗತಿಯಲ್ಲಿ ಇಂಗ್ಲಿಷು. ಹೆಣ್ಣುಮಕ್ಕಳಿಬ್ಬರೂ ಕಾಲೇಜು ಸೇರಿದ ವರ್ಷ, ನಾಲ್ಕು ಭಾಷೆ ಬಲ್ಲ ಹೆಂಗಸು ಬೇಕು ಎಂದು ಆ ಆಸ್ಪತ್ರೆಯವರು ಹುಡುಕುತ್ತಿದ್ದಾರೆಂದು ಗೊತ್ತಾಯಿತು. ನಮ್ಮ ಯಜಮಾನರು ನಕ್ಕರು. "ಈ ಬೀದಿಯವರ ಅರ್ಜಿ ಎಲ್ಲ ನೀನೇ ಬರ್ಕೊಡ್ತೀಯ. ಅಲ್ಲಾದ್ರೆ ಕುರ್ಚಿ ಕೊಡ್ತಾರೆ, ಹೋಗು," ಅಂದರು.

ಕೆಲಸ ಹೇಳಲು ಸುಲಭ. ಬಡವರ ಪಡಿತರ ಚೀಟಿ ಇರುವ ಮನೆಯವರಿಗೆ ದೊಡ್ಡ ಕಾಯಿಲೆ ಬಂದರೆ ಸರ್ಕಾರದ ವಿಮೆ ಆಪರೇಷನ್ ಮಾಡಿಸುತ್ತದೆ. ರೋಗಿಯ ಕಾರ್ಡು, ವರದಿ, ಫೋಟೋ ಎಲ್ಲವನ್ನೂ ನಾವು ಕಂಪ್ಯೂಟರಿನಲ್ಲಿ ಕಳಿಸಬೇಕು. ಎಲ್ಲೋ ಕೂತ ಒಬ್ಬ ವೈದ್ಯರು ಅದನ್ನು ನೋಡಿ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಬಂದ ಮೇಲೆ ರೋಗಿ ಟೇಬಲ್ ಮೇಲೆ ಹೋಗಬೇಕು. ನಡುವೆ ನಾನು.

ನನಗೆ ಕೆಲಸ ಕಲಿಸಿದವರು ಖಲೀಲ್ ಸಾಹೇಬರು. ಆಸ್ಪತ್ರೆಯ ವಿಮೆ ವಿಭಾಗಕ್ಕೆಲ್ಲ ಅವರೇ ಹಿರಿಯರು. ಶಿವಾಜಿನಗರದವರು, ಇಸ್ತ್ರಿ ಕೆಡದ ಬಿಳಿ ಅಂಗಿ, ಜೇಬಿನಲ್ಲಿ ಸದಾ ಎರಡು ಪೆನ್ನು. ಮೊದಲ ವಾರವೇ ನಾನೊಂದು ಎಡವಟ್ಟು ಮಾಡಿದೆ. ಹಲಸೂರಿನ ಪೊನ್ನಮ್ಮ ಎಂಬ ಮುದುಕಿಗೆ ಮಂಡಿ ಆಪರೇಷನ್ ಆಗಬೇಕಿತ್ತು. ಹಾಸಿಗೆಯ ಮೇಲಿನ ಫೋಟೋ ಕಳಿಸಬೇಕು ಎಂದಿದ್ದರು. ಫೋಟೋ ಎಂದರೆ ಚೆನ್ನಾಗಿರಬೇಕು ಎಂದು ತಿಳಿದವಳು ನಾನು. ಮುದುಕಿಗೆ ತಲೆ ಬಾಚಿ, ಹಲ್ಲಿನ ಸೆಟ್ ಹಾಕಿಸಿ, "ಪಾಟಿ, ಕೊಂಜಂ ಸಿರಿಂಗೋ," ಅಂದೆ. ಸ್ವಲ್ಪ ನಗಿ ಅಜ್ಜಿ ಎಂದದ್ದಕ್ಕೆ ಪಾಟಿ ಮದುಮಗಳ ಹಾಗೆ ನಕ್ಕಳು. ಮರುದಿನ ಮೇಲಿನಿಂದ ಪ್ರಶ್ನೆ ಬಂತು: ರೋಗಿಯು ಆರೋಗ್ಯವಾಗಿರುವಂತೆ ಕಾಣುತ್ತಾರೆ, ಸ್ಪಷ್ಟೀಕರಣ ನೀಡಿ.

ಖಲೀಲ್ ಸಾಹೇಬರು ಪರದೆ ನೋಡಿದರು, ನನ್ನ ಮುಖ ನೋಡಿದರು. "ಶಾಂತಮ್ಮಾ, ಇದು ಮದುವೆ ಆಲ್ಬಂ ಅಲ್ಲ. ಕಾಯಿಲೆ ಫೋಟೋ. ಇಲ್ಲಿ ನಗೋರಿಗೆ ಅಪ್ರೂವಲ್ ಇಲ್ಲ," ಅಂದರು. ಪಾಟಿಯ ಆಪರೇಷನ್ ನಾಲ್ಕು ದಿನ ತಡವಾಯಿತು. ಅಂದಿನಿಂದ ಹಲ್ಲಿನ ಸೆಟ್ ತೆಗೆಸಿಯೇ ಫೋಟೋ.

ನಾನು ಸೇರಿದಾಗ ಒಂದೊಂದು ಯೋಜನೆಗೆ ಒಂದೊಂದು ಬಣ್ಣದ ಕಾರ್ಡು, ಒಂದೊಂದು ಕಟ್ಟು ಕಾಗದ. ಯಾವ ಕಾಯಿಲೆಗೆ ಯಾವ ಕಾರ್ಡು ಎಂದು ರೋಗಿಗಳಿಗಿರಲಿ, ನಮಗೇ ಗೊಂದಲ. ಆಮೇಲೆ ಎಲ್ಲವನ್ನೂ ಒಂದರಲ್ಲಿ ಸೇರಿಸಿದರು. ಅದು ಒಳ್ಳೆಯ ಬದಲಾವಣೆ ಎಂದು ನಾನು ಕಣ್ಣಾರೆ ಕಂಡು ಹೇಳುತ್ತೇನೆ. ರಸೆಲ್ ಮಾರುಕಟ್ಟೆಯ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುವ ಬಾಷಾ ಎಂಬುವವರಿಗೆ ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಅವರ ಹೆಂಡತಿ ಕಿವಿಯ ಓಲೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಬೇಕಾಗಿಲ್ಲ ಎಂದು ಹೇಳಿದರೂ ನಂಬಲಿಲ್ಲ. ಮೂರು ದಿನ ಆ ಗಂಟನ್ನು ಮುಷ್ಟಿಯಲ್ಲೇ ಹಿಡಿದು ಕೂತಿದ್ದರು. ಗಂಡ ನಡೆದುಕೊಂಡು ವಾರ್ಡಿನಿಂದ ಹೊರಗೆ ಬಂದ ದಿನ, ನನ್ನ ಮೇಜಿನ ಗಾಜಿನಲ್ಲೇ ಮುಖ ನೋಡಿಕೊಂಡು ಓಲೆ ಹಾಕಿಕೊಂಡರು. ವಿಮೆ ಸುಧಾರಣೆ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಆ ಎರಡು ಕಿವಿಗಳು ಕಾಣುತ್ತವೆ.

ಆದರೆ ಒಂದು ಕಾರ್ಡಿನ ಜೊತೆಗೆ ಒಂದು ಯಂತ್ರವೂ ಬಂತು. ಹೆಬ್ಬೆರಳು ಒತ್ತಿದರೆ ಹಸಿರು ದೀಪ. ಗಾರೆ ಕೆಲಸದವರು ಒತ್ತಿದರೆ ಕೆಂಪು. ಸಿಮೆಂಟು ಅವರ ಬೆರಳ ಗೆರೆಗಳನ್ನೆಲ್ಲ ತಿಂದುಹಾಕಿರುತ್ತದೆ. ನಾನು ಡ್ರಾಯರಿನಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಂಡಿದ್ದೆ, ಒದ್ದೆ ಬಟ್ಟೆ ಇಟ್ಟುಕೊಂಡಿದ್ದೆ. ಉಜ್ಜಿ, ಒರೆಸಿ, ಮತ್ತೆ ಒತ್ತಿಸಿದರೂ ಕೆಂಪು. ಕೊನೆಗೆ, ಬೆರಳಚ್ಚು ಬರುತ್ತಿಲ್ಲ ಎಂದು ವೈದ್ಯರ ಸಹಿ ಹಾಕಿಸಿದರೆ ಕಾರ್ಡಿನ ಮೇಲೆಯೇ ದಾಖಲು ಮಾಡಿಕೊಳ್ಳುತ್ತಿದ್ದರು. ಆ ಸಹಿ ನಮಗೆ ದಿನದ ಊಟದಷ್ಟು ಮಾಮೂಲಾಗಿತ್ತು.

ಇನ್ನು ಆ ವಾರದ ಕಥೆ.

ಸೋಮವಾರ ಮಧ್ಯಾಹ್ನ. ಮೇಜಿನ ಮುಂದೆ ಸಾಲು ಬಾಗಿಲ ತನಕ ಇತ್ತು, ಪೋರ್ಟಲ್ ತೆವಳುತ್ತಿತ್ತು. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ, ಹುಬ್ಬಿನ ಮೇಲೆ ಸುಣ್ಣದ ಪುಡಿ, ಸಾಲಿನ ಪಕ್ಕದಿಂದ ಬಗ್ಗಿ ಕೇಳಿದ.

"ಅಕ್ಕಾರ, ರೇಷನ್ ಕಾರ್ಡಿನ್ಯಾಗ ಹೆಸರು ತೆಗದು ಹಾಕ್ಯಾರಂದ್ರ ಆಪರೇಷನ್ ಆಗ್ತದೇನ್ರಿ?"

"ಹೆಸರಿಲ್ಲ ಅಂದ್ರೆ ಆಗೋದಿಲ್ಲಪ್ಪ. ಊರಿಗೆ ಹೋಗಿ ಸೇರಿಸ್ಕೊಂಡು ಬನ್ನಿ," ಅಂದೆ. ಮೆತ್ತಗೇ ಹೇಳಿದೆ, ನಗುನಗುತ್ತಲೇ ಹೇಳಿದೆ.

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಅಷ್ಟರಲ್ಲಿ ಮುಂದಿನವರ ಕಾಗದಕ್ಕೆ ಕೈ ಚಾಚಿದ್ದೆ. ಅವನು ಹೋದ. ಯಾರಿಗೆ, ಏನಾಗಿದೆ, ಈಗ ಎಲ್ಲಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ, ಮೇಲಿನಿಂದ ಬಿದ್ದು ಬೆನ್ನು ಮುರಿದವರನ್ನು ಅಪಘಾತದ ತುರ್ತು ಎಂದು ಮೊದಲು ಸೇರಿಸಿಕೊಂಡು ಕಾಗದವನ್ನು ಆಮೇಲೆ ನೋಡಬಹುದು ಎಂದು ಹೇಳುತ್ತಿದ್ದೆ. ಆ ನಿಯಮ ನನಗೆ ಬಾಯಿಪಾಠವಾಗಿತ್ತು.

ಮಂಗಳವಾರ ಬೆಳಿಗ್ಗೆ ಕೆ.ಆರ್. ಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಿಂದ ಒಬ್ಬ ರೋಗಿಯನ್ನು ತಂದರು. ಹೆಸರು ನಿಂಗಪ್ಪ, ಯಾದಗಿರಿ ಕಡೆಯವನು, ಕಟ್ಟಡದ ಸಾರುವೆಯಿಂದ ಬಿದ್ದಿದ್ದಾನೆ ಎಂದು ಬರೆಸಿದರು. ಬೆನ್ನುಮೂಳೆ ಮುರಿದಿತ್ತು. ಮೂಳೆಯ ಚೂರು ನರವನ್ನು ಒತ್ತುತ್ತಿದೆ, ಬೇಗ ಆಪರೇಷನ್ ಮಾಡದಿದ್ದರೆ ಕಾಲುಗಳು ಹೋಗುತ್ತವೆ ಎಂದು ವೈದ್ಯರು ಹೇಳಿದರು. ಎಡಗಾಲಿನ ಬೆರಳುಗಳು ಆಗಲೇ ಜೋಮು ಹಿಡಿದಿದ್ದವು. ಜೊತೆಗೆ ಬಂದಿದ್ದವಳು ಹೆಂಡತಿ ಭೀಮವ್ವ, ಹಸಿರು ಬಳೆ ತುಂಬಿದ ಕೈಯ ಸಣ್ಣ ಹೆಂಗಸು. ಕಾರ್ಡು ಸರಿಯಾಗಿತ್ತು. ಫೋಟೋದಲ್ಲಿ ಅದೇ ಅಗಲ ಹಣೆ, ಅದೇ ಮೂಗು, ಗಡ್ಡ ಮಾತ್ರ ಹೊಸದು. ಹೆಬ್ಬೆರಳು ಒತ್ತಿಸಿದೆ. ಕೆಂಪು. ಎಣ್ಣೆ ಹಚ್ಚಿದೆ. ಕೆಂಪು. ಗಾರೆಯವರಲ್ಲವೇ ಎಂದು ವೈದ್ಯರ ಸಹಿ ಹಾಕಿಸಿ ಕಳಿಸಿದೆ.

ಬುಧವಾರ ಫೋಟೋಗೆಂದು ವಾರ್ಡಿಗೆ ಹೋದೆ. "ಭೀಮವ್ವ, ಪಕ್ಕದಲ್ಲಿ ನಿಂತ್ಕೊಳ್ಳಮ್ಮ," ಅಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಮುಖವನ್ನು ಗೋಡೆಗೆ ತಿರುಗಿಸಿದಳು. ಅವನು ನೀರು ಕೇಳಿದ. ಅವಳು ಲೋಟವನ್ನು ಕೈಗೆ ಕೊಡಲಿಲ್ಲ. ಸ್ಟೂಲಿನ ಮೇಲಿಟ್ಟು ದೂರ ಸರಿದಳು. ಅಲುಗಾಡಬಾರದ ಮನುಷ್ಯ ನೋವಿನಲ್ಲಿ ಕೈ ಚಾಚಿ ತಡಕಾಡಿದ. ನಾನೇ ಎತ್ತಿ ಕೊಟ್ಟೆ. ಗಂಡ ಹೆಂಡಿರ ಮಧ್ಯೆ ಏನೋ ಮುನಿಸು ಅಂದುಕೊಂಡೆ. ಸಂಜೆಗೆ ಒಪ್ಪಿಗೆ ಬಂತು. ಗುರುವಾರ ಬೆಳಿಗ್ಗೆ ಮೊದಲ ಕೇಸು ಇವನದೇ.

ಗುರುವಾರ ಎಂಟು ಗಂಟೆಗೆ ಸ್ಟ್ರೆಚರು ಆಪರೇಷನ್ ಥಿಯೇಟರಿನ ಕಾರಿಡಾರಿಗೆ ಬಂತು. ಆ ಕಾರಿಡಾರಿನಲ್ಲಿ ನಾನು ನೂರಾರು ಹೆಂಡತಿಯರನ್ನು ನೋಡಿದ್ದೇನೆ. ಯಾವ ಜಾತಿ, ಯಾವ ಭಾಷೆಯವರಾದರೂ ಸ್ಟ್ರೆಚರಿನ ಕಂಬಿ ಹಿಡಿದು ಬಾಗಿಲ ತನಕ ಓಡುತ್ತಾರೆ. ನರ್ಸು ಬೆರಳು ಬಿಡಿಸಬೇಕು. ಭೀಮವ್ವ ಓಡಲಿಲ್ಲ. ಗೋಡೆಗೆ ಅಂಟಿಕೊಂಡಳು. ಸೆರಗನ್ನು ಮೂಗಿನ ತನಕ ಎಳೆದಳು. ಸ್ಟ್ರೆಚರು ದಾಟಿಹೋದ ಮೇಲೆ, ಅದು ಹೋದ ನೆಲವನ್ನು ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ನಮ್ಮ ಮನೆಗೆ ಪಾತ್ರೆ ತೊಳೆಯಲು ಸುರಪುರದ ಕಡೆಯ ನಾಗವ್ವ ಎಂಬವಳು ಬರುತ್ತಿದ್ದಳು. ಒಂದು ದಿನ ಅವಳನ್ನು ಹುಡುಕಿಕೊಂಡು ಒಬ್ಬ ಗಂಡಸು ಬಂದಾಗ ಅವಳು ಹೀಗೆಯೇ, ಇಷ್ಟೇ ಉದ್ದಕ್ಕೆ ಸೆರಗೆಳೆದು ಗೋಡೆ ಸೇರಿದ್ದಳು. "ಯಾರೇ ಅದು?" ಅಂದರೆ, "ನಮ್ಮ ಭಾವ ಅದಾರ್ರಿ. ಅವ್ರ ಎದುರಿಗಿ ನಿಲ್ಲಂಗಿಲ್ಲ," ಅಂದಿದ್ದಳು.

ಗಂಡನ ಅಣ್ಣ. ಮಲಗಿರುವವನು ನಿಂಗಪ್ಪನಲ್ಲ.

ಭೀಮವ್ವನ ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. "ಅವರು ನಿನ್ನ ಗಂಡ ಅಲ್ಲ ಅಲ್ವಾ? ನಿನ್ನ ಭಾವ."

ಅವಳು ಕೂತೇಬಿಟ್ಟಳು. ಬಳೆಗಳು ಮೆಟ್ಟಿಲಿಗೆ ಬಡಿದವು. "ನಿಮ್ಮ ಕಾಲಿಗಿ ಬೀಳ್ತೀನ್ರಿ ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ. ಸಾಬಣ್ಣ ಅಂತರಿ ಅವ್ರ ಹೆಸರು. ಹೆಬ್ಬಟ್ಟು ಬೀಳಲಿಲ್ಲಂತ ರೇಷನ್ ಕಾರ್ಡಿನ್ಯಾಗಿಂದ ತೆಗದಾರ್ರಿ. ಊರಿಗಿ ಹೋಗಿ ಹೆಸರು ಸೇರಿಸೂದ್ರಾಗ ಕಾಲು ಹೋಗ್ತಾವಂದ್ರು. ನಮ್ಮನಿಯವ್ರು ಇಲ್ಲಿ ಕೇಳಾಕ ಬಂದಿದ್ರು, ಹೆಸರಿಲ್ಲಂದ್ರ ಆಗಂಗಿಲ್ಲ ಅಂದ್ರಂತ. ಅದಕ ತಮ್ಮ ಕಾರ್ಡ್ ಕೊಟ್ರು."

ಇಲ್ಲಿ ಹಾಗೆ ಅಂದವರು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲ. ಹುಬ್ಬಿನ ಮೇಲಿನ ಸುಣ್ಣದ ಪುಡಿ ನನ್ನ ಕಣ್ಣ ಮುಂದೆ ಬಂತು.

ನಿಜವನ್ನೇ ಬರೆಯಬೇಕಲ್ಲ, ಬರೆಯುತ್ತೇನೆ. ಆ ಕ್ಷಣದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಲು ನಿರ್ಧರಿಸಿದೆ. ಬಡವನೇ, ಹಕ್ಕುದಾರನೇ, ಯಂತ್ರದ ತಪ್ಪಿಗೆ ಹೆಸರು ಹೋಗಿದೆ. ಯಾರ ಹೆಸರಿನಲ್ಲಾದರೂ ಬೆನ್ನು ನೆಟ್ಟಗಾಗಲಿ. "ಆಯ್ತು, ಅಳಬೇಡ, ಸುಮ್ನಿರು. ಮಧ್ಯಾಹ್ನಕ್ಕೆ ಹೊರಗೆ ಬರ್ತಾರೆ," ಅಂದೆ.

ಅವಳು ಅಳು ನಿಲ್ಲಿಸಲಿಲ್ಲ. "ಬರ್ತಾರೇನ್ರಿ? ಹೋದ ಸಲ ಹಿಂಗೇ ಆಗಿತ್ತರಿ."

"ಏನಾಗಿತ್ತು?"

"ಕಲಬುರಗ್ಯಾಗ ಮೂಗಿನ ಆಪರೇಷನ್ ಆಗಿತ್ತರಿ. ಮದ್ದು ಕೊಟ್ಟಮ್ಯಾಲ ಉಸುರೇ ಬರಲಿಲ್ಲ. ಹೊತ್ತು ಮುಳುಗೂತನ ಮಿಷನ್ ಮ್ಯಾಲಿಟ್ಟಿದ್ರು. ಆ ಮದ್ದು ಮತ್ತ ಕೊಡಬ್ಯಾಡ್ರಿ ಅಂತ ಡಾಕ್ಟರು ಕೆಂಪು ಪೆನ್ನಿಲೆ ಬರದು ಕೊಟ್ಟಾರ್ರಿ."

"ಆ ಚೀಟಿ ಎಲ್ಲಿ?"

"ಮನ್ಯಾಗ ಟ್ರಂಕಿನ್ಯಾಗ ಅದರಿ. ಅದರಾಗ ಸಾಬಣ್ಣ ಅಂತ ಅದಲ್ರಿ, ಅದಕ ತರಲಿಲ್ಲ. ಇಲ್ಲಿ ಡಾಕ್ಟರು ಕೇಳಿದ್ರು, ಮೊದಲ ಆಪರೇಷನ್ ಆಗ್ಯಾದೇನು ಅಂತ. ಇಲ್ಲ ಅಂದ್ವಿ. ನಮ್ಮನಿಯವ್ರಿಗಿ ಆಗಿಲ್ಲಲ್ರಿ."

ಕಾರ್ಡಿನವನಿಗೆ ಆಗಿಲ್ಲ, ನಿಜ. ಮೈ ಇನ್ನೊಬ್ಬನದು.

ನಾನು ಓಡಿದೆ. ಐವತ್ತು ದಾಟಿದ, ಸೀರೆ ಉಟ್ಟ, ಜೀವಮಾನದಲ್ಲಿ ಬಸ್ಸಿಗೂ ಓಡದ ಹೆಂಗಸು. ಥಿಯೇಟರಿನ ಬಾಗಿಲ ಮೇಲೆ ಕೆಂಪು ದೀಪ ಹತ್ತಿತ್ತು. ಬಾಗಿಲು ಬಡಿಯಬಾರದು ಎಂದು ಬೋರ್ಡು. ಎರಡೂ ಕೈಯಲ್ಲಿ ಬಡಿದೆ. ನರ್ಸು ಕಿಂಡಿಯಿಂದ ಬೈದಳು. "ಅರಿವಳಿಕೆ ಡಾಕ್ಟರನ್ನ ಕರೀರಿ, ಈಗಲೇ, ಮದ್ದು ಕೊಡೋಕೆ ಮುಂಚೆ," ಎಂದು ಕಿರುಚಿದೆ. ನನ್ನ ಗಂಟಲಿನಲ್ಲಿ ಅಂಥ ಸ್ವರವಿದೆ ಎಂದು ನನಗೇ ಗೊತ್ತಿರಲಿಲ್ಲ.

ಅರಿವಳಿಕೆ ವೈದ್ಯೆ ವಿಜಯಾ ಮೇಡಂ ಮುಖಗವಸಿನ ಮೇಲಿನ ಕಣ್ಣುಗಳಲ್ಲೇ ಸಿಟ್ಟು ತುಂಬಿಕೊಂಡು ಬಂದರು. "ಶಾಂತಾ, ಪೇಷಂಟ್ ಟೇಬಲ್ ಮೇಲಿದ್ದಾರೆ. ಏನ್ರೀ ಇದು?"

"ಹಿಂದೆ ಒಂದು ಆಪರೇಷನ್ ಆಗಿತ್ತಂತೆ ಮೇಡಂ. ಮದ್ದು ಕೊಟ್ಟಾಗ ಉಸಿರು ನಿಂತಿತ್ತಂತೆ. ಮನೆಯವರು ಹೇಳೋಕೆ... ಮರೆತಿದ್ರಂತೆ."

ಆ ಒಂದು ಸುಳ್ಳಿನಲ್ಲಿ ಎರಡನ್ನೂ ಉಳಿಸಿಕೊಳ್ಳಬಹುದು ಎಂದುಕೊಂಡಿದ್ದೆ, ಅವನ ಉಸಿರನ್ನೂ ಅವನ ಗುಟ್ಟನ್ನೂ.

"ಯಾವ ಮದ್ದು?"

"ಚೀಟಿ ಮನೇಲಿದೆ."

"ಫೋಟೋ ತರಿಸಿ. ಹದಿನೈದು ನಿಮಿಷ ಕಾಯ್ತೀನಿ. ಚೀಟಿ ನೋಡದೆ ನಾನು ಸೂಜಿ ಮುಟ್ಟಲ್ಲ."

ಭೀಮವ್ವನ ಫೋನಿನಿಂದ ನಿಂಗಪ್ಪನಿಗೆ ಕರೆ ಮಾಡಿದೆ. ಅವನು ದೂರವೇನೂ ಇರಲಿಲ್ಲ. ಆಸ್ಪತ್ರೆಯ ಎದುರಿನ ಟೀ ಅಂಗಡಿಯ ಹತ್ತಿರ ಮೂರು ದಿನದಿಂದ ನಿಂತಿದ್ದ. ಒಳಗೆ ಬಂದರೆ ಒಂದೇ ಹೆಸರಿನ ಇಬ್ಬರಾಗುತ್ತಾರಲ್ಲ! ಅವನು ಕೆ.ಆರ್. ಪುರದಲ್ಲಿ ತಮ್ಮ ಪಕ್ಕದ ಕೋಣೆಯಲ್ಲಿರುವ ಹೆಣ್ಣುಮಗಳಿಗೆ ಫೋನು ಮಾಡಿದ. ಟ್ರಂಕಿಗೆ ಬೀಗ. ಬೀಗದ ಕೈ ಇವನ ಸೊಂಟದ ಉಡುದಾರದಲ್ಲಿ. "ಬೀಗ ಒಡೀರಿ! ಕಲ್ಲು ತಗೊಂಡು ಒಡೀರಿ!" ಎಂದು ಅವನು ರಸ್ತೆಯಲ್ಲಿ ನಿಂತು ಕೂಗುತ್ತಿದ್ದದ್ದು ನನಗೆ ಮೊದಲ ಮಹಡಿಯ ಕಿಟಕಿಗೆ ಕೇಳಿಸುತ್ತಿತ್ತು. ಗೋಡೆ ಗಡಿಯಾರ ನೋಡಿದೆ. ಒಂಬತ್ತು ನಿಮಿಷ. ಹನ್ನೊಂದು. ಹದಿಮೂರನೆಯ ನಿಮಿಷಕ್ಕೆ ನನ್ನ ಫೋನಿಗೆ ಚಿತ್ರ ಬಂತು.

ಮಡಿಕೆಯಲ್ಲಿ ಹರಿದ ಹಾಳೆ. ಕೆಳಗೆ ಕೆಂಪು ಅಕ್ಷರ, ಸುತ್ತ ಕೆಂಪು ಚೌಕ. ಮೇಲೆ ದೊಡ್ಡದಾಗಿ, ಸಾಬಣ್ಣ, ವಯಸ್ಸು, ಊರು.

ಕಿಂಡಿಯ ಹತ್ತಿರ ಫೋನು ಹಿಡಿದೆ, ಭೀಮವ್ವ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಹಿಡಿಯುವಾಗ ನನ್ನ ಹೆಬ್ಬೆರಳು ಹಾಳೆಯ ಮೇಲ್ಭಾಗದ ಮೇಲಿತ್ತು. ತಿಳಿದೇ ಇಟ್ಟಿದ್ದೆ.

ವಿಜಯಾ ಮೇಡಂ ಕೆಂಪು ಅಕ್ಷರ ಓದಿದರು. ಅವರ ಹುಬ್ಬು ಮೇಲೇರಿತು. "ಇದೇ ಮದ್ದು ಸಿರಿಂಜಿನಲ್ಲಿ ತುಂಬಿಸಿಟ್ಟಿದ್ದೀನಿ," ಅಂದರು. ಆಮೇಲೆ, "ಇದು ಇವರದೇ ಚೀಟಿ ಅಂತ ನನಗೆ ಹೇಗೆ ಗೊತ್ತಾಗಬೇಕು? ಹೆಸರು ಎಲ್ಲಿ?"

ನನ್ನ ಹೆಬ್ಬೆರಳು ಇದ್ದಲ್ಲೇ ಇತ್ತು.

"ಬೆರಳು ತೆಗೀರಿ ಶಾಂತಾ."

ತೆಗೆದೆ.

ಅವರು ಓದಿದರು. ಇನ್ನೊಮ್ಮೆ ಓದಿದರು. ನನ್ನನ್ನು ನೋಡಿದರು. "ಬೇರೆ ಮದ್ದು ಹಾಕಿ ಈಗಲೇ ಮಾಡಬಲ್ಲೆ. ಆದರೆ ನಿಂಗಪ್ಪ ಅಂತ ಸಹಿ ಹಾಕಿ ಸಾಬಣ್ಣನನ್ನ ಮಲಗಿಸೋದು ಹೇಗ್ರೀ? ರಕ್ತ, ರಿಪೋರ್ಟು, ಎಲ್ಲ ಯಾರ ಹೆಸರಿನಲ್ಲಿ ಬರ್ಕೊಳ್ಳಲಿ? ನಾಳೆ ನಿಜವಾದ ನಿಂಗಪ್ಪ ಬಂದು ಇದೇ ಟೇಬಲ್ ಮೇಲೆ ಮಲಗಿದರೆ, ಈ ಮನುಷ್ಯನ ಮೈಯನ್ನ ಅವನ ಫೈಲಲ್ಲಿ ಓದ್ತೀನಲ್ಲ ನಾನು?"

ಖಲೀಲ್ ಸಾಹೇಬರನ್ನು ಕರೆಸಿದರು. ಅವರು ಕಾರಿಡಾರಿನಲ್ಲಿ ಕಥೆ ಕೇಳಿ, ಜೇಬಿನ ಪೆನ್ನುಗಳನ್ನು ತೆಗೆದು ನೋಡಿ ಮತ್ತೆ ಸಿಕ್ಕಿಸಿದರು. ಆಸ್ಪತ್ರೆಯ ಆಡಳಿತದವರು ಹತ್ತು ನಿಮಿಷದಲ್ಲಿ ಬಂದರು. ಒಪ್ಪಿಗೆ ರದ್ದು ಮಾಡಿ, ರೋಗಿಯನ್ನು ಕೂಡಲೇ ಬಿಡುಗಡೆ ಮಾಡಿ, ಪೊಲೀಸಿಗೆ ತಿಳಿಸಿ ಅಂದರು. ನಾನು ತುರ್ತಿನ ನಿಯಮ ಹೇಳಿದೆ. ಸಾಬಣ್ಣನ ಹೆಸರಿನಲ್ಲೇ ಈಗ ಹೊಸದಾಗಿ ಸೇರಿಸಿಕೊಂಡು ಇಲ್ಲೇ ಮಾಡಬಹುದಲ್ಲ ಅಂದೆ. "ಸುಳ್ಳು ಹೇಳಿ ಬಂದ ಕೇಸಿಗೆ ನಮ್ಮ ಆಸ್ಪತ್ರೆ ಕೈ ಹಾಕೋದಿಲ್ಲ," ಅಂದರು.

ಆಗ ಖಲೀಲ್ ಸಾಹೇಬರ ದನಿ ಮೊದಲ ಸಲ ಏರಿದ್ದನ್ನು ಕೇಳಿದೆ. "ಬೆನ್ನು ಮುರಿದಿರೋನನ್ನ ಬಿಡುಗಡೆ ಅಂದ್ರೆ ಏನ್ ಸರ್? ಮೆಟ್ಟಿಲ ಮೇಲೆ ಇಡೋದಾ? ಪೊಲೀಸಿಗೆ ಆಮೇಲೆ ಹೇಳಿ. ಮೊದಲು ಆಂಬುಲೆನ್ಸ್ ಕೊಡಿ."

ವಿಜಯಾ ಮೇಡಂ ಗೌನಿನಲ್ಲೇ ನಿಂತು ಸರ್ಕಾರಿ ಆಸ್ಪತ್ರೆಯಲ್ಲಿರುವ ತಮ್ಮ ಜೊತೆಯ ವೈದ್ಯರಿಗೆ ಫೋನು ಮಾಡಿದರು. ಮಧ್ಯಾಹ್ನ ಎರಡಕ್ಕೆ ಹಾಸಿಗೆ ಸಿಕ್ಕಿತು. ಸಾಬಣ್ಣನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ನಿಂಗಪ್ಪ ರಸ್ತೆ ದಾಟಿ ಬಂದು ಅಣ್ಣನ ಕಾಲು ಹಿಡಿದುಕೊಂಡ. "ಗೊತ್ತಾಗ್ತದೇನಣ್ಣ? ನಾ ಹಿಡದದ್ದು ಗೊತ್ತಾಗ್ತದೇನು?" ಸಾಬಣ್ಣ ಕಣ್ಣು ಮುಚ್ಚಿಕೊಂಡು, "ಬಲಗಾಲು ಹಿಡದಿ," ಅಂದ. ನಿಂಗಪ್ಪ ಹಿಡಿದಿದ್ದು ಎರಡೂ ಕಾಲು.

ಮರುದಿನ ಬೆಳಿಗ್ಗೆ ಅಲ್ಲಿ ತುರ್ತಿನ ನಿಯಮದಡಿ ಆಪರೇಷನ್ ಆಯಿತು, ಅವನ ಸ್ವಂತ ಹೆಸರಿನಲ್ಲಿ, ಆ ಕೆಂಪು ಚೀಟಿಯನ್ನು ಫೈಲಿನ ಮೇಲೆಯೇ ಪಿನ್ನು ಹಾಕಿ. ಉಸಿರು ನಿಲ್ಲಲಿಲ್ಲ. ಬಲಗಾಲು ಪೂರ್ತಿ ಬಂತು. ಎಡಗಾಲಿನ ಪಾದ ಮಾತ್ರ ಮೇಲೇಳಲಿಲ್ಲ, ಈಗಲೂ ಎಳೆದುಕೊಂಡೇ ನಡೆಯುತ್ತಾನಂತೆ. ಎರಡು ದಿನ ಮುಂಚೆ ಆಗಿದ್ದರೆ ಪಾದವೂ ಉಳಿಯುತ್ತಿತ್ತೇ ಎಂದು ವಿಜಯಾ ಮೇಡಂ ಅವರನ್ನು ಕೇಳಿದೆ. "ಹೇಳೋಕಾಗಲ್ಲ ಶಾಂತಾ," ಅಂದರು. ಇಲ್ಲ ಎಂದು ಹೇಳಬಹುದಿತ್ತು, ಹೇಳಲಿಲ್ಲ.

ನನ್ನಿಂದ ಹೇಳಿಕೆ ಬರೆಸಿಕೊಂಡರು. ಕುಟುಂಬದವರು ವಂಚಿಸಿದರು ಎಂದು ಮೂರು ಸಾಲು ಬರೆದರೆ ಸಾಕಿತ್ತು. ನಾನು ಎರಡು ಪುಟ ಬರೆದೆ, ದುಂಡು ಅಕ್ಷರದಲ್ಲಿ. ಸೋಮವಾರ ಮಧ್ಯಾಹ್ನ ಆ ಮನುಷ್ಯ ಸರಿಯಾದ ಪ್ರಶ್ನೆಯನ್ನೇ ಕೇಳಿದ, ನಾನು ಅರ್ಧ ಉತ್ತರ ಕೊಟ್ಟು ಕಳಿಸಿದೆ, ಉಳಿದರ್ಧವನ್ನು ಅವನು ತನಗೆ ತಿಳಿದಂತೆ ತುಂಬಿಕೊಂಡ ಎಂದು ಬರೆದೆ. ಬೆರಳಿಟ್ಟು ಹೆಸರು ಮುಚ್ಚಿದ್ದನ್ನೂ ಬರೆದೆ. ಖಲೀಲ್ ಸಾಹೇಬರು ಓದಿ ತಲೆ ಚಚ್ಚಿಕೊಂಡರು. "ಯಾಕಮ್ಮಾ? ಯಾರು ಕೇಳಿದ್ರು ನಿಮ್ಮನ್ನ? ಎಲ್ಲಾ ನಿಮ್ ತಲೆ ಮೇಲೇ ಎಳ್ಕೊಂಡ್ರಲ್ಲ!" ನನಗೆ ಒಂದು ಮೆಮೊ ಬಂತು. ಪೊಲೀಸು ಕೇಸು ಆಗಲಿಲ್ಲ. ಆದರೆ ನಿಂಗಪ್ಪನ ಕಾರ್ಡಿನ ಮುಂದೆ ಪರದೆಯಲ್ಲಿ ಒಂದು ಸಾಲು ಮೂಡಿತು: ಪರಿಶೀಲನೆಯಲ್ಲಿದೆ, ಸೌಲಭ್ಯ ತಡೆಹಿಡಿಯಲಾಗಿದೆ. ಅವನಿಗೆ ಮಾತ್ರವಲ್ಲ. ಆ ಕಾರ್ಡಿನಲ್ಲಿದ್ದ ಭೀಮವ್ವನಿಗೆ, ಇಬ್ಬರು ಮಕ್ಕಳಿಗೆ, ಊರಲ್ಲಿದ್ದ ಅವನ ತಾಯಿಗೆ.

ಹುಡುಗಿ, ನೀನು ಈ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದ್ದೆ. ಬಾಷಾ ಅವರ ಹೆಂಡತಿಯ ಓಲೆಯನ್ನು ಉಳಿಸಿದ್ದು ಇದೇ ಯೋಜನೆ. ಬೆರಳ ಗೆರೆ ಅಳಿಸಿಹೋಗಿ ಪಡಿತರ ಚೀಟಿಯಿಂದ ಹೆಸರು ಕಳೆದುಕೊಂಡ ಮನುಷ್ಯನನ್ನು ಹೊರಗೆ ನಿಲ್ಲಿಸಿದ್ದೂ ಇದೇ ಯೋಜನೆ. ಒಂದು ಕಾರ್ಡಿಗೆ ಮನೆಮಂದಿಯನ್ನೆಲ್ಲ ಕಟ್ಟಿದರೆ ಏರುವಾಗ ಎಲ್ಲರೂ ಏರುತ್ತಾರೆ, ಬೀಳುವಾಗ ಎಲ್ಲರೂ ಬೀಳುತ್ತಾರೆ. ಇದನ್ನು ಸರಿಮಾಡುವ ಜಾಗದಲ್ಲಿ ನಾನೂ ಇರಲಿಲ್ಲ, ನೀನೂ ಇಲ್ಲ. ನಾವಿರುವುದು ಪ್ರಶ್ನೆ ಕೇಳುವ ಜಾಗದಲ್ಲಿ. ಇಲ್ಲ ಅನ್ನುವ ಮುಂಚೆ ಯಾರಿಗೆ, ಏನಾಗಿದೆ, ಈಗ ಎಲ್ಲಿದ್ದಾರೆ ಎಂದು ಕೇಳು. ಸಾಲು ಎಷ್ಟೇ ಉದ್ದವಿರಲಿ, ಕೇಳು.

ಇಪ್ಪತ್ತು ದಿನದ ಮೇಲೆ ನಿಂಗಪ್ಪ ನನ್ನ ಮೇಜಿಗೆ ಬಂದ. ಸಾಲಿನಲ್ಲಿ ನಿಂತು, ತನ್ನ ಸರದಿಗೆ ಬಂದ. ನಾನೇ ಮೊದಲು ಬಾಯಿ ಬಿಟ್ಟೆ. "ಆ ಸೋಮವಾರ ನಿಮಗೆ ಆಗಲ್ಲ ಅಂದಿದ್ದು ನಾನೇ."

"ಗೊತ್ತದರಿ. ಮುಖ ಮರತಿಲ್ಲ." ಅವನು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀವು ಬಾಗಿಲು ಬಡದ್ರಿ, ನಮ್ಮಣ್ಣ ಉಳದ. ನೀವು ಬೆರಳು ತೆಗದ್ರಿ, ನನ್ನ ಕಾರ್ಡ್ ಹೋತು. ಮೊದಲೇ ನೆಟ್ಟಗ ಹೇಳಿದ್ರ ಅವನ ಪಾದಾನೂ ಉಳೀತಿತ್ತು, ಕಾರ್ಡೂ ಉಳೀತಿತ್ತು. ಈಗ ನಾ ನಿಮಗ ಕೈ ಮುಗೀಬೇಕೋ, ಬೈಬೇಕೋ? ನೀವೇ ಹೇಳ್ರಿ ಅಕ್ಕಾರ."

"ಬೈಯ್ರಿ," ಅಂದೆ.

ಅವನು ಬೈದ. ನಿಜವಾಗಿಯೂ ಬೈದ, ಸಾಲಿನವರೆಲ್ಲ ಕೇಳುವ ಹಾಗೆ, ಅವನ ಊರಿನ ಮಾತಿನಲ್ಲಿ, ನನಗೆ ಅರ್ಧ ಅರ್ಥವಾಗದ ಪದಗಳಲ್ಲಿ. ಸೆಕ್ಯುರಿಟಿಯವರು ಬಂದರು, ನಾನು ಕೈ ಅಡ್ಡ ಹಿಡಿದೆ. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಕೊನೆಗೆ ಅವನು ತೋಳಿನಿಂದ ಮುಖ ಒರೆಸಿಕೊಂಡು, ಅಂಗಿಯೊಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟ. ಕಾರ್ಡು, ಹೆಂಡತಿ ಮಕ್ಕಳ ಆಧಾರ್, ಬಿಳಿ ಹಾಳೆ ಎರಡು.

"ಈಗ ಬರೀರಿ," ಅಂದ. "ಕಾರ್ಡ್ ತಿರುಗಿ ಕೊಡ್ರಿ ಅಂತ. ನೀವು ಛಂದ ಬರೀತೀರಂತ."

ಸಾಲಿನಲ್ಲಿ ಹಿಂದೆ ಇದ್ದವರು ಗೊಣಗಿದರು. ನಾನು ಪೆನ್ನು ತೆಗೆದುಕೊಂಡು, ಅವನ ಪೂರ್ತಿ ಹೆಸರೇನು ಎಂಬಲ್ಲಿಂದ ಕೇಳಲು ಶುರುಮಾಡಿದೆ.